ಬೆಳೆ ಹಡಗೇರಿತು, ಅಡುಗೆ ದಡದಲ್ಲೇ ಉಳಿಯಿತು

ಮಾನ್ಯ ಸಭಿಕರೇ,

ಜಗತ್ತಿನ ಸಾಂಪ್ರದಾಯಿಕ ಅಡುಗೆಗಳನ್ನು ಕುರಿತು ಮಾತನಾಡುವಾಗ ದೇಶಕ್ಕೊಂದು ಖಾದ್ಯದಂತೆ ಹೆಸರುಗಳನ್ನು ಸಾಲಾಗಿ ಹೇಳಿಕೊಂಡು ಹೋಗುವುದು ಸುಲಭ. ಅಂಥ ಪಟ್ಟಿಗಳಿಗೆ ಈಗ ಬರವಿಲ್ಲ. ಅವುಗಳಿಂದ ಬಾಯಲ್ಲಿ ನೀರೂರಬಹುದು, ಆದರೆ ಒಂದು ಜನಸಮುದಾಯ ತನ್ನ ಊಟವನ್ನು ಹಾಗೆಯೇ ಏಕೆ ಮಾಡಿಕೊಂಡಿತು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಈ ಉಪನ್ಯಾಸದಲ್ಲಿ ನಾನು ಖಾದ್ಯಗಳಿಗಿಂತ ಹೆಚ್ಚಾಗಿ ಅವುಗಳ ತಯಾರಿಯ ಹಂತಗಳ ಬಗ್ಗೆ ಮಾತನಾಡುತ್ತೇನೆ: ನೆನೆಹಾಕುವುದು, ತುರಿಯುವುದು, ಹಿಂಡುವುದು, ಹುಳಿ ಬರಿಸುವುದು, ರಾತ್ರಿಯ ಹಿಮಕ್ಕೆ ಒಡ್ಡುವುದು. ಹೊರಗಿನವರ ಕಣ್ಣಿಗೆ ಇವು ಹೊತ್ತು ಹಿಡಿಯುವ, ಬಿಟ್ಟರೂ ನಡೆಯುವ ಕೆಲಸಗಳಂತೆ ಕಾಣುತ್ತವೆ. ಕಳೆದ ಐದು ಶತಮಾನಗಳಲ್ಲಿ ಬೆಳೆಗಳು ಖಂಡದಿಂದ ಖಂಡಕ್ಕೆ ಹೋದಾಗ ಬಹಳಷ್ಟು ಸಲ ಬೀಜವೊಂದೇ ಪ್ರಯಾಣ ಮಾಡಿತು, ಈ ಹಂತಗಳು ಹಿಂದೆಯೇ ಉಳಿದವು. ಅದರಿಂದ ಏನಾಯಿತು ಎಂಬುದೇ ಇಂದಿನ ವಿಷಯ.

ಮೊದಲಿಗೆ ಮೆಕ್ಕೆಜೋಳವನ್ನು ನೋಡೋಣ. ನೈಋತ್ಯ ಮೆಕ್ಸಿಕೋದಲ್ಲಿ ಸುಮಾರು 9,000 ವರ್ಷಗಳ ಹಿಂದೆ ತಿಯೊಸಿಂತೆ ಎಂಬ ಕಾಡುಹುಲ್ಲಿನಿಂದ ಪಳಗಿಸಿದ ಬೆಳೆ ಇದು. ಆ ಪ್ರದೇಶದ ಅಡುಗೆಯಲ್ಲಿ ಒಣಗಿದ ಕಾಳನ್ನು ನೇರವಾಗಿ ಬೀಸಿ ಹಿಟ್ಟು ಮಾಡುವ ಪದ್ಧತಿ ಮುಖ್ಯವಲ್ಲ. ಕಾಳನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಬೇಯಿಸಿ, ಅದೇ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ತೊಳೆದು, ಮೆತಾತೆ ಎಂಬ ಇಳಿಜಾರಿನ ಅರೆಯುವ ಕಲ್ಲಿನ ಮೇಲೆ ನುಣ್ಣಗೆ ಅರೆಯುತ್ತಾರೆ. ಸುಣ್ಣದಲ್ಲಿ ಬೆಂದ ಕಾಳಿಗೆ ನಿಕ್ಸ್ತಮಾಲ್ ಎಂದೂ, ಅರೆದು ಬಂದ ಹಿಟ್ಟಿನ ಮುದ್ದೆಗೆ ಮಾಸಾ ಎಂದೂ ಹೆಸರು. ತೋರ್ತಿಯಾ ಎಂಬ ತೆಳು ರೊಟ್ಟಿ ಆಗುವುದು ಈ ಮಾಸಾದಿಂದ; ಎಲೆಯಲ್ಲೋ ಜೋಳದ ತೆನೆಯ ಸಿಪ್ಪೆಯಲ್ಲೋ ಸುತ್ತಿ ಹಬೆಯಲ್ಲಿ ಬೇಯಿಸುವ ತಮಾಲ್ ಆಗುವುದೂ ಇದರಿಂದಲೇ. ಬೇಕಾಗುವ ಸುಣ್ಣ ಬಹಳ ಕಡಿಮೆ. ಕಾಳಿನ ತೂಕದ ಶೇಕಡಾ ಒಂದರ ಆಸುಪಾಸು ಸಾಕು.

ಆ ಒಂದು ಚಿಟಿಕೆ ಸುಣ್ಣ ಮಾಡುವ ಕೆಲಸಗಳು ಹಲವು. ಕ್ಷಾರದ ನೀರು ಕಾಳಿನ ಗಟ್ಟಿ ಹೊಟ್ಟನ್ನು ಸಡಿಲಿಸುತ್ತದೆ, ಆದ್ದರಿಂದ ಅದು ಕೈಯಲ್ಲಿ ಉಜ್ಜಿದರೆ ಬಿಟ್ಟುಬರುತ್ತದೆ. ಒಳಗಿನ ಪಿಷ್ಟ ಉಬ್ಬಿ ಅಂಟು ಪಡೆಯುತ್ತದೆ. ಮೆಕ್ಕೆಜೋಳದಲ್ಲಿ ಗೋಧಿಯಂತೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲದಿರುವುದರಿಂದ, ಈ ಅಂಟಿಲ್ಲದೆ ತೆಳ್ಳನೆಯ ತೋರ್ತಿಯಾ ತಟ್ಟಲು ಬರುವುದಿಲ್ಲ. ಸಾಮಾನ್ಯ ಮೆಕ್ಕೆಜೋಳದ ಹಿಟ್ಟು ತಂದು ತೋರ್ತಿಯಾ ಮಾಡಲು ಹೊರಟವರ ಕೈಯಲ್ಲಿ ಹಿಟ್ಟು ಬಿರಿದು ಪುಡಿಯಾಗುವುದು ಇದೇ ಕಾರಣಕ್ಕೆ. ಸುಣ್ಣದಿಂದ ಕ್ಯಾಲ್ಸಿಯಂ ಸೇರುತ್ತದೆ. ಬೂಷ್ಟು ಹಿಡಿದ ಕಾಳಿನಲ್ಲಿರಬಹುದಾದ ವಿಷಗಳೂ ಒಂದಷ್ಟು ಕಡಿಮೆಯಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ, ನಾಲಿಗೆಗೂ ತಿಳಿಯದ ಬದಲಾವಣೆ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಜೀವಸತ್ವ ಇದ್ದರೂ ಅದರ ಬಹುಪಾಲು ಬೇರೆ ಅಣುಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ನಮ್ಮ ಕರುಳು ಅದನ್ನು ಹೀರಿಕೊಳ್ಳಲಾರದು. ಕ್ಷಾರದಲ್ಲಿ ಬೇಯಿಸಿದಾಗ ಆ ಕಟ್ಟು ಬಿಚ್ಚಿ ನಯಾಸಿನ್ ದೇಹಕ್ಕೆ ಒದಗುತ್ತದೆ.

1493ರಲ್ಲಿ ಕೊಲಂಬಸ್ ಹಿಂದಿರುಗಿದ ಮೇಲೆ ಯುರೋಪಿಗೆ ಬಂದದ್ದು ಕಾಳು, ಸುಣ್ಣದ ಪದ್ಧತಿಯಲ್ಲ. ಹೊಟ್ಟು ಬಿಡಿಸುವ ಒಂದು ಉಪಾಯವೆಂದಷ್ಟೇ ಅದು ಹೊಸಬರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಅವರ ಬಳಿ ಗಾಳಿಯ ಗಿರಣಿ, ನೀರಿನ ಗಿರಣಿಗಳಿದ್ದವು, ಅವು ಯಾವ ಕಾಳನ್ನಾದರೂ ಬೀಸಬಲ್ಲವಾಗಿದ್ದವು. ಇಳುವರಿ ಹೆಚ್ಚು ಕೊಡುವ ಈ ಬೆಳೆ ಉತ್ತರ ಸ್ಪೇನ್ ಮತ್ತು ಉತ್ತರ ಇಟಲಿಯ ಬಡ ರೈತರ ಮುಖ್ಯ ಆಹಾರವಾಯಿತು. ಇಟಲಿಯಲ್ಲಿ ಹಿಂದೆ ಬೇರೆ ಧಾನ್ಯಗಳಿಂದ ಮಾಡುತ್ತಿದ್ದ ಪೊಲೆಂತಾ ಎಂಬ ಗಟ್ಟಿ ಅಂಬಲಿ ಈಗ ಮೆಕ್ಕೆಜೋಳದ್ದಾಯಿತು. 1735ರಲ್ಲಿ ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದ ವೈದ್ಯ ಗಾಸ್ಪಾರ್ ಕಸಾಲ್ ಅಲ್ಲಿನ ಬಡ ರೈತರಲ್ಲಿ ವಿಚಿತ್ರ ರೋಗವೊಂದನ್ನು ಗುರುತಿಸಿದರು: ಬಿಸಿಲು ಬಿದ್ದ ಕಡೆ ಚರ್ಮ ಕೆಂಪಾಗಿ, ಒರಟಾಗಿ ಸುಲಿಯುತ್ತಿತ್ತು, ರೋಗಿಗಳು ಸೊರಗುತ್ತಿದ್ದರು. ಇವರ ಊಟದಲ್ಲಿ ಮೆಕ್ಕೆಜೋಳವೇ ಪ್ರಧಾನ, ಮಾಂಸ ಅಪರೂಪ ಎಂಬುದನ್ನೂ ಕಸಾಲ್ ಗಮನಿಸಿದ್ದರು. ಇಟಲಿಯ ಫ್ರಾಂಚೆಸ್ಕೊ ಫ್ರಪೊಲ್ಲಿ 1771ರಲ್ಲಿ ಬರೆದ ಗ್ರಂಥದಿಂದ ಪೆಲ್ಲಾಗ್ರಾ ಎಂಬ ಹೆಸರು ವೈದ್ಯಲೋಕದಲ್ಲಿ ನೆಲೆಯಾಯಿತು. ಚರ್ಮದ ಬಳಿಕ ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. ಇದು ಆ ರೋಗದ ದಾರಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ರೋಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಬ್ಬಿತು. ಅಲ್ಲಿನ ಮೂಲನಿವಾಸಿಗಳು ಮೆಕ್ಕೆಜೋಳವನ್ನು ಕಟ್ಟಿಗೆಯ ಬೂದಿಯ ನೀರಿನಲ್ಲಿ ಬೇಯಿಸುತ್ತಿದ್ದರು, ವಲಸೆ ಬಂದವರೂ ಅದನ್ನು ಒಂದಿಷ್ಟು ಕಲಿತಿದ್ದರು. ಆದರೆ ಕಾಳಿನ ಮೊಳಕೆಯ ಭಾಗವನ್ನು ತೆಗೆದು ಬೀಸುವ ಕೈಗಾರಿಕಾ ಗಿರಣಿಗಳ ಅಗ್ಗದ ಹಿಟ್ಟು ಗೇಣಿದಾರರ ಮತ್ತು ಹತ್ತಿಗಿರಣಿಯ ಕೂಲಿಗಳ ನಿತ್ಯದ ಊಟವಾಯಿತು. ರೋಗಾಣುವೇ ಕಾರಣವೆಂದು ಬಹುಪಾಲು ವೈದ್ಯರು ನಂಬಿದ್ದ ಕಾಲದಲ್ಲಿ, 1914ರಿಂದ ಇದರ ಅಧ್ಯಯನ ಮಾಡಿದ ಅಮೆರಿಕದ ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸರಳ ಸಂಗತಿಯನ್ನು ಕಂಡರು: ಅನಾಥಾಲಯಗಳಲ್ಲಿ, ಮಾನಸಿಕ ಆಸ್ಪತ್ರೆಗಳಲ್ಲಿ ಒಳಗಿದ್ದವರಿಗೆ ರೋಗ ಬರುತ್ತಿತ್ತು, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಗೋಲ್ಡ್‌ಬರ್ಗರ್ ಅನಾಥಾಲಯದ ಊಟಕ್ಕೆ ಹಾಲು, ಮೊಟ್ಟೆ, ಮಾಂಸ ಸೇರಿಸಿದಾಗ ರೋಗ ಮಾಯವಾಯಿತು. ಆದರೂ ಎದುರಾಳಿಗಳು ಒಪ್ಪಲಿಲ್ಲ. ರೋಗ ಅಂಟುವುದಿಲ್ಲವೆಂದು ತೋರಿಸಲು 1916ರಲ್ಲಿ ಗೋಲ್ಡ್‌ಬರ್ಗರ್ ಮತ್ತು ಅವರ ಸಂಗಡಿಗರು ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಕೊಂಡರು. 1929ರಲ್ಲಿ ಅವರು ತೀರಿಕೊಂಡಾಗಲೂ ಕೊರತೆ ಯಾವ ವಸ್ತುವಿನದೆಂಬುದು ಗೊತ್ತಾಗಿರಲಿಲ್ಲ. ಅದು ನಯಾಸಿನ್ ಎಂಬುದು ಸ್ಪಷ್ಟವಾದದ್ದು 1937ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹ್ಯೆಮ್ ಅವರ ಪ್ರಯೋಗಗಳಿಂದ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸುಣ್ಣ ಬಿಟ್ಟದ್ದೇ ಪೆಲ್ಲಾಗ್ರಾಕ್ಕೆ ಏಕೈಕ ಕಾರಣವೆಂದರೆ ಅದು ಅರ್ಧ ಸತ್ಯವಾಗುತ್ತದೆ. ಹಾಲು, ಮಾಂಸಗಳಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದ ದೇಹ ತಾನೇ ನಯಾಸಿನ್ ತಯಾರಿಸಿಕೊಳ್ಳಬಲ್ಲದು. ಆದ್ದರಿಂದ ಅದೇ ಪೊಲೆಂತಾವನ್ನು ಚೀಸ್ ಮತ್ತು ಮಾಂಸದೊಡನೆ ಉಣ್ಣುತ್ತಿದ್ದ ಜಮೀನುದಾರನಿಗೆ ಏನೂ ಆಗಲಿಲ್ಲ. ಮೆಕ್ಸಿಕೋದಲ್ಲಿ ಸುಣ್ಣದ ಜೊತೆಗೆ ಹುರುಳಿಕಾಯಿ ಜಾತಿಯ ಕಾಳು, ಕುಂಬಳ, ಮೆಣಸಿನಕಾಯಿ ಸದಾ ಇದ್ದವು. ತಯಾರಿಯ ಹಂತವೂ ಹೋಗಿ, ಜೊತೆಯ ಪದಾರ್ಥಗಳೂ ಹೋಗಿ, ಬಡತನ ಮಾತ್ರ ಉಳಿದಲ್ಲಿ ರೋಗ ಬಂದಿತು.

ಎರಡನೆಯ ಬೆಳೆ ಮರಗೆಣಸು. ಇದರ ಕಥೆ ಇನ್ನೂ ಕಠಿಣ, ಏಕೆಂದರೆ ಇಲ್ಲಿ ಪ್ರಶ್ನೆ ಕೊರತೆಯದಲ್ಲ, ವಿಷದ್ದು. ಅಮೆಜಾನ್ ಪ್ರದೇಶದ ಈ ಗೆಡ್ಡೆಯಲ್ಲಿ, ಅದರಲ್ಲೂ ಕಹಿ ತಳಿಗಳಲ್ಲಿ, ಲಿನಾಮರಿನ್ ಎಂಬ ವಸ್ತುವಿದ್ದು ಅದರಿಂದ ಸೈನೈಡ್ ಹುಟ್ಟುತ್ತದೆ. ಹಾಗಿದ್ದರೂ ಅಮೆಜಾನಿನ ಅನೇಕ ಸಮುದಾಯಗಳು ಕಹಿ ತಳಿಗಳನ್ನೇ ಬೇಕೆಂದು ಬೆಳೆಯುತ್ತವೆ. ಅವರ ವಿಧಾನ ಹೀಗಿದೆ: ಗೆಡ್ಡೆಯ ಸಿಪ್ಪೆ ತೆಗೆದು ತುರಿಯುತ್ತಾರೆ, ತುರಿಯನ್ನು ತಿಪಿತಿ ಎಂಬ, ಹೆಣೆದು ಮಾಡಿದ ಉದ್ದನೆಯ ಕೊಳವೆಯಂಥ ಬುಟ್ಟಿಗೆ ತುಂಬುತ್ತಾರೆ, ಕೊಳವೆಯನ್ನು ಮೇಲಿನಿಂದ ತೂಗುಹಾಕಿ ಕೆಳತುದಿಯನ್ನು ಎಳೆದಾಗ ಅದು ಉದ್ದವಾಗಿ, ಕಿರಿದಾಗಿ ಒಳಗಿನ ರಸವನ್ನೆಲ್ಲ ಹಿಂಡಿಬಿಡುತ್ತದೆ. ಉಳಿದ ಹಿಂಡಿಯನ್ನು ಅಗಲವಾದ ಕಾವಲಿಯ ಮೇಲೆ ಹುರಿದು ಹಿಟ್ಟು ಮಾಡುತ್ತಾರೆ ಅಥವಾ ರೊಟ್ಟಿ ಸುಡುತ್ತಾರೆ. ವಿಷದ ರಸವನ್ನೂ ಚೆಲ್ಲುವುದಿಲ್ಲ. ತಳದಲ್ಲಿ ಇಳಿದ ಪಿಷ್ಟವನ್ನು ತೆಗೆದುಕೊಂಡು, ಮೇಲಿನ ಹಳದಿ ನೀರನ್ನು ದೀರ್ಘಕಾಲ ಕುದಿಸಿದರೆ ತುಕುಪಿ ಎಂಬ ಹುಳಿಸಾರು ಸಿಗುತ್ತದೆ. ಉತ್ತರ ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ ಬಾತುಕೋಳಿಯನ್ನು ಬೇಯಿಸುವುದು ಇದರಲ್ಲಿ.

ರಸಾಯನಶಾಸ್ತ್ರ ಈ ವಿಧಾನದ ಗುಟ್ಟನ್ನು ಬಹಳ ತಡವಾಗಿ ಹೇಳಿತು. ಗೆಡ್ಡೆಯ ಜೀವಕೋಶದಲ್ಲಿ ಲಿನಾಮರಿನ್ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ತುರಿದಾಗ ಗೋಡೆಗಳು ಒಡೆದು ಎರಡೂ ಸೇರುತ್ತವೆ, ಸೈನೈಡ್ ಬಿಡುಗಡೆಯಾಗುತ್ತದೆ. ಹೈಡ್ರೊಜನ್ ಸೈನೈಡ್ ಕುದಿಯುವುದು ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆದ್ದರಿಂದ ಅದು ಗಾಳಿಗೆ, ಬಿಸಿಗೆ ಆರಿಹೋಗುತ್ತದೆ. ಇಡೀ ಗೆಡ್ಡೆಯನ್ನು ಸುಮ್ಮನೆ ಬೇಯಿಸಿದರೆ ಶಾಖಕ್ಕೆ ಕಿಣ್ವವೇ ಮೊದಲು ಸತ್ತು ಲಿನಾಮರಿನ್ ಒಳಗೇ ಉಳಿಯುತ್ತದೆ. ಅಂದರೆ, ಬೇಯಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಮ್ಮ ಸಾಮಾನ್ಯ ತಿಳಿವಳಿಕೆ ಕಹಿ ಮರಗೆಣಸಿನ ಮಟ್ಟಿಗೆ ಅಪಾಯಕಾರಿ.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಈ ಬೆಳೆಯನ್ನು ಆಫ್ರಿಕಕ್ಕೆ ಒಯ್ದರು. ಪಶ್ಚಿಮ ಆಫ್ರಿಕದಲ್ಲಿ ಬರಬರುತ್ತ ಗಾರಿ ರೂಪುಗೊಂಡಿತು: ತುರಿದ ಗೆಡ್ಡೆಯನ್ನು ಚೀಲದಲ್ಲಿ ತುಂಬಿ, ಮೇಲೆ ಭಾರ ಹೇರಿ, ಕೆಲವು ದಿನ ಹುಳಿ ಬರಿಸಿ, ಜರಡಿ ಹಿಡಿದು ಹುರಿಯುವುದು. ಕಾಂಗೋ ಪ್ರದೇಶದಲ್ಲಿ ಗೆಡ್ಡೆಗಳನ್ನು ಕೆಲವು ದಿನ ನೀರಿನಲ್ಲಿ ಮುಳುಗಿಸಿ ಮೆತ್ತಗಾಗಲು ಬಿಡುತ್ತಾರೆ. ಹುದುಗುವಾಗ ಕೋಶಗಳು ಒಡೆದು ತುರಿದಾಗ ಆಗುವ ಕೆಲಸವೇ ಆಗುತ್ತದೆ. ಐವರಿ ಕೋಸ್ಟ್‌ನ ಅತಿಯೆಕೆ ಎಂಬ ಹರಳುಹರಳಾದ ಖಾದ್ಯವೂ ಇದೇ ಕುಟುಂಬಕ್ಕೆ ಸೇರಿದ್ದು. ಬೆಳೆ ಹೊಸ ನೆಲಕ್ಕೆ ಬಂದಾಗ ಅಡುಗೆಯನ್ನೂ ಅಲ್ಲಿನವರು ಹೊಸದಾಗಿ ಕಟ್ಟಿಕೊಂಡ ಉದಾಹರಣೆ ಇದು; ಯುರೋಪಿನ ಮೆಕ್ಕೆಜೋಳಕ್ಕಿಂತ ಇದು ಎಷ್ಟೋ ಮೇಲೆಂದು ನನ್ನ ಅಭಿಪ್ರಾಯ.

ಆದರೆ ಬರಗಾಲ ಬಂದಾಗ, ಯುದ್ಧವಾದಾಗ, ಪೇಟೆಯಲ್ಲಿ ಬೇಗ ಮಾರುವ ಒತ್ತಡ ಬಿದ್ದಾಗ ಮೊದಲು ಮೊಟಕಾಗುವುದು ನೆನೆಹಾಕುವ ದಿನಗಳೇ. 1938ರಲ್ಲಿ ಇಟಲಿಯ ವೈದ್ಯ ಜೊವಾನ್ನಿ ತ್ರೊಲ್ಲಿ ಕಾಂಗೋದಲ್ಲಿ ಕೊಂಜೊ ಎಂಬ ರೋಗವನ್ನು ದಾಖಲಿಸಿದರು: ಚೆನ್ನಾಗಿ ಓಡಾಡಿಕೊಂಡಿದ್ದವರ ಎರಡೂ ಕಾಲುಗಳು ಇದ್ದಕ್ಕಿದ್ದಂತೆ ಸೆಟೆದು ಶಾಶ್ವತವಾಗಿ ಊನವಾಗುತ್ತಿದ್ದವು. ಮಕ್ಕಳು ಮತ್ತು ಹೆರುವ ವಯಸ್ಸಿನ ಹೆಂಗಸರು ಇದಕ್ಕೆ ಹೆಚ್ಚು ಬಲಿಯಾಗುತ್ತಾರೆ. 1981ರ ಬರಗಾಲದಲ್ಲಿ ಮೊಜಾಂಬಿಕ್‌ನ ನಂಪುಲಾ ಪ್ರಾಂತ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಇದು ತಗುಲಿತು. ಸೈನೈಡನ್ನು ಕಳೆಯಲು ದೇಹಕ್ಕೆ ಗಂಧಕವುಳ್ಳ ಅಮೈನೊ ಆಮ್ಲಗಳು ಬೇಕು, ಅವು ಬರುವುದು ಒಳ್ಳೆಯ ಪ್ರೋಟೀನಿನಿಂದ. ಬರಗಾಲದಲ್ಲಿ ಅದೂ ಇರುವುದಿಲ್ಲ. ಇಲ್ಲಿಯೂ ಹಂತ ಮತ್ತು ಜೊತೆಯ ಆಹಾರ ಎರಡೂ ಒಟ್ಟಿಗೆ ಕೈಬಿಟ್ಟಿದ್ದವು.

ಆಸ್ಟ್ರೇಲಿಯದ ನಾರ್ಡೂ ಎಂಬ ಜರೀಗಿಡದ ಪ್ರಸಂಗವನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1861ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರು ಕೂಪರ್ ಕ್ರೀಕ್ ಬಳಿ ಆಹಾರ ಮುಗಿದು, ಅಲ್ಲಿನ ಯಾಂಡ್ರುವಾಂಧಾ ಜನ ತಿನ್ನುತ್ತಿದ್ದ ನಾರ್ಡೂವಿನ ಬೀಜದಂಥ ಕಾಯಿಗಳನ್ನು ತಾವೂ ಅರೆದು ತಿಂದರು. ಹೊಟ್ಟೆ ತುಂಬುತ್ತಿದ್ದರೂ ಶಕ್ತಿ ಕುಗ್ಗುತ್ತಿದೆ ಎಂಬ ಅರ್ಥದ ಮಾತು ವಿಲ್ಸ್‌ರ ದಿನಚರಿಯಲ್ಲಿದೆ. ಆ ಕಾಯಿಯಲ್ಲಿ ಥಯಮಿನ್ ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ; ಸ್ಥಳೀಯರ ಹುರಿಯುವ ಮತ್ತು ನೀರಿನಲ್ಲಿ ಕದಡುವ ಕ್ರಮವನ್ನು ಪೂರ್ತಿ ಅನುಸರಿಸದಿದ್ದುದರಿಂದ ಇವರಿಗೆ ಬೆರಿಬೆರಿ ತಗುಲಿತ್ತೆಂದು ಕೆಲವು ಸಂಶೋಧಕರು ವಾದಿಸಿದ್ದಾರೆ. ಇಬ್ಬರೂ ಸತ್ತರು. ಯಾಂಡ್ರುವಾಂಧಾ ಜನರ ಆಸರೆ ಪಡೆದು ಅವರ ಜೊತೆ ಬದುಕಿದ, ಅದೇ ಅನ್ವೇಷಕ ತಂಡದ ಜಾನ್ ಕಿಂಗ್ ಉಳಿದುಕೊಂಡ.

ರೋಗ ಮತ್ತು ವಿಷಗಳ ಮಾತು ಇಷ್ಟಾದ ಮೇಲೆ, ಹಂತಗಳೆಲ್ಲ ಅಪಾಯ ತಪ್ಪಿಸಲೆಂದೇ ಇವೆ ಎಂಬ ಭಾವನೆ ಬರಬಾರದು. ಆಂಡೀಸ್ ಪರ್ವತದ ಎತ್ತರದ ಬಯಲುಗಳಲ್ಲಿ ಆಲೂಗೆಡ್ಡೆಯನ್ನು ಚಳಿಗಾಲದ ಹಿಮಕ್ಕೆ ರಾತ್ರಿಯಿಡೀ ಒಡ್ಡಿ, ಹಗಲು ಬಿಸಿಲಿಗೆ ಬಿಟ್ಟು, ಕಾಲಿನಿಂದ ತುಳಿದು ನೀರು ಹಿಂಡಿ ಒಣಗಿಸಿದ ಚೂನ್ಯೊ ವರ್ಷಗಟ್ಟಲೆ ಕೆಡುವುದಿಲ್ಲ. ಕಹಿ ತಳಿಗಳ ವಿಷಾಂಶವೂ ಇದರಲ್ಲಿ ಇಳಿಯುತ್ತದೆ ನಿಜ, ಆದರೆ ಅದರ ದೊಡ್ಡ ಪ್ರಯೋಜನ ದಾಸ್ತಾನು. ಬೆಳೆ ಕೈಕೊಟ್ಟ ವರ್ಷಗಳನ್ನು ದಾಟಿಸಿದ್ದು ಅದು. ಇಥಿಯೋಪಿಯದ ಇಂಜೆರಾ ಎಂಬ ಮೆತ್ತನೆಯ ರೊಟ್ಟಿಗೆ ತೆಫ್ ಎಂಬ ಅತಿ ಸಣ್ಣ ಕಾಳಿನ ಹಿಟ್ಟನ್ನು ಹಿಂದಿನ ಸಲದ ಹುಳಿನೀರು ಬೆರೆಸಿ ಎರಡು ಮೂರು ದಿನ ಹುದುಗಲು ಬಿಡುತ್ತಾರೆ. ಅದರಿಂದ ಕಬ್ಬಿಣದಂಥ ಖನಿಜಗಳು ದೇಹಕ್ಕೆ ಸುಲಭವಾಗಿ ಒದಗುತ್ತವೆ, ಜೊತೆಗೆ ಆ ಹುಳಿ ಮತ್ತು ಮೇಲ್ಮೈಯ ಕಣ್ಣುಕಣ್ಣಾದ ರಚನೆಯಿಲ್ಲದೆ ಇಂಜೆರಾ ಮೇಲೋಗರವನ್ನು ಹೀರಿಕೊಳ್ಳಲಾರದು.

ಜಪಾನಿನ ದಾಶಿ ಎಂಬ ತಿಳಿಸಾರಿನಲ್ಲಿ ರುಚಿಯೇ ಮುಖ್ಯ ಉದ್ದೇಶ. ಕೊಂಬು ಎಂಬ ಒಣ ಸಮುದ್ರಪಾಚಿಯನ್ನು ನೀರಿನಲ್ಲಿ ನಿಧಾನವಾಗಿ ಬಿಸಿಮಾಡಿ, ಕುದಿ ಬರುವ ಮೊದಲೇ ತೆಗೆದು, ಕತ್ಸುವೊಬುಶಿ ಎಂಬ ಒಣಮೀನಿನ ತೆಳು ಎಸಳುಗಳನ್ನು ಹಾಕಿ, ಸ್ವಲ್ಪ ಹೊತ್ತಿನಲ್ಲೇ ಸೋಸುತ್ತಾರೆ. ಒಲೆಯ ಬಳಿ ಇದು ಕೆಲವೇ ನಿಮಿಷಗಳ ಕೆಲಸ. ಆದರೆ ಮೀನನ್ನು ಬೇಯಿಸಿ, ಹೊಗೆಯಲ್ಲಿ ಮತ್ತೆ ಮತ್ತೆ ಒಣಗಿಸಿ, ಉತ್ತಮ ಬಗೆಯದಕ್ಕೆ ಬೂಷ್ಟನ್ನೂ ಬೆಳೆಸಿ ಕತ್ಸುವೊಬುಶಿ ಮಾಡಲು ತಿಂಗಳುಗಳೇ ಹಿಡಿಯುತ್ತವೆ. ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು ಆ ರುಚಿಯನ್ನು ಉಮಾಮಿ ಎಂದು ಕರೆದರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮಾ ಕತ್ಸುವೊಬುಶಿಯಲ್ಲಿ ಅದೇ ರುಚಿ ಕೊಡುವ ಇನೊಸಿನೇಟ್ ಎಂಬ ಇನ್ನೊಂದು ವಸ್ತುವನ್ನು ಗುರುತಿಸಿದರು. ಎರಡೂ ಸೇರಿದಾಗ ರುಚಿ ಬರೀ ಕೂಡಿಕೆಯಾಗದೆ ಹಲವು ಪಟ್ಟು ಹೆಚ್ಚುತ್ತದೆ ಎಂಬುದು ಆಮೇಲೆ ಸಾಬೀತಾಯಿತು. ಅಡುಗೆಯವರು ಅಷ್ಟರಲ್ಲಾಗಲೇ ತಲೆಮಾರುಗಳಿಂದ ಎರಡನ್ನೂ ಸೇರಿಸಿಯೇ ಬಳಸುತ್ತಿದ್ದರು.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ಕಣ್ಣುಮುಚ್ಚಿ ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಜಾವಾದ ತೆಂಪೆ, ಸೋಯಾ ಕಾಳನ್ನು ಬೂಷ್ಟಿನಿಂದ ಹೆಣೆದಂತೆ ಗಟ್ಟಿಯಾಗಿಸಿದ ಸೊಗಸಾದ ಆಹಾರ. ಅದೇ ಜಾವಾದಲ್ಲಿ ತೆಂಗಿನ ಹಿಂಡಿಯಿಂದ ಮಾಡುವ ತೆಂಪೆ ಬೊಂಗ್‌ಕ್ರೆಕ್ ಕೂಡ ಸಾಂಪ್ರದಾಯಿಕವೇ; ಅದರಲ್ಲಿ ಕೆಲವೊಮ್ಮೆ ಬೆಳೆಯುವ ಬ್ಯಾಕ್ಟೀರಿಯ ತಯಾರಿಸುವ ಬೊಂಗ್‌ಕ್ರೆಕಿಕ್ ಆಮ್ಲ ಅನೇಕರ ಪ್ರಾಣ ತೆಗೆದು, 1988ರಲ್ಲಿ ಇಂಡೋನೇಷ್ಯಾ ಸರ್ಕಾರ ಅದನ್ನು ನಿಷೇಧಿಸಿತು. ತಿಂದ ತಿಂಗಳುಗಳ ಮೇಲೆ ಕಾಣಿಸಿಕೊಳ್ಳುವ ಹಾನಿಯನ್ನು, ಯಾವಾಗಲೋ ಒಮ್ಮೆ ಬೀಳುವ ವಿಷವನ್ನು ಪರಂಪರೆ ಪ್ರತಿಸಲವೂ ಹಿಡಿದೇ ಹಿಡಿಯುತ್ತದೆಂಬ ಭರವಸೆಯಿಲ್ಲ. ಬೂಷ್ಟು, ಹುದುಗು, ಕಾಡುಗೆಡ್ಡೆಗಳನ್ನು ಪುಸ್ತಕ ನೋಡಿ ಮನೆಯಲ್ಲಿ ಪ್ರಯೋಗಿಸಲು ಹೊರಡುವವರು ಇದನ್ನು ಮರೆಯಬಾರದು.

ಶ್ರಮದ ಲೆಕ್ಕವೂ ಇದೆ. ಮೆತಾತೆಯ ಮುಂದೆ ಮಂಡಿಯೂರಿ ಇಡೀ ಕುಟುಂಬಕ್ಕೆ ಮಾಸಾ ಅರೆಯುವುದು ದಿನಕ್ಕೆ ಹಲವು ಗಂಟೆಗಳ ಕೆಲಸವಾಗಿತ್ತು, ಅದನ್ನು ಮಾಡುತ್ತಿದ್ದವರು ಹೆಂಗಸರು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ನಿಕ್ಸ್ತಮಾಲ್ ಅರೆಯುವ ಯಂತ್ರಗಳು ಬಂದಾಗ ಹಲವೆಡೆ ಗಂಡಸರು ಗೊಣಗಿದರು, ಹೆಂಗಸರು ಬಕೆಟ್ ಹಿಡಿದು ಸಾಲು ನಿಂತರು. ರುಚಿ ಸ್ವಲ್ಪ ಕೆಟ್ಟಿತೆಂಬ ದೂರು ಇಂದಿಗೂ ಇದೆ. ಅರೆಯುವ ಕೈ ತನ್ನದಲ್ಲದವನ ಬಾಯಿಂದ ಆ ದೂರು ಬಂದಾಗ ಅದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ. ಕಾಳನ್ನು ಸುಣ್ಣದಲ್ಲಿ ಬೇಯಿಸುವುದು ಮನೆಯಲ್ಲೇ ಮುಂದುವರಿಯಿತು. ಬಿಟ್ಟದ್ದು ಯಂತ್ರ ಮಾಡಬಹುದಾದ ಕೆಲಸವನ್ನು ಮಾತ್ರ.

ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ 2010ರಲ್ಲಿ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನೂ, 2013ರಲ್ಲಿ ವಾಶೊಕು ಎಂಬ ಜಪಾನಿನ ಸಾಂಪ್ರದಾಯಿಕ ಅಡುಗೆಯನ್ನೂ, 2024ರಲ್ಲಿ ಅತಿಯೆಕೆ ತಯಾರಿಸುವ ಕೌಶಲವನ್ನೂ ಸೇರಿಸಿತು. ಪಟ್ಟಿಗೆ ಸೇರಿದ್ದು ತಟ್ಟೆಯಲ್ಲಿನ ಖಾದ್ಯವಲ್ಲ, ಅದನ್ನು ಮಾಡುವ ಬಳಕೆ ಮತ್ತು ತಿಳಿವಳಿಕೆ. ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಈ ವ್ಯತ್ಯಾಸ ಬೇಗ ಅಳಿಸಿಹೋಗುತ್ತದೆ. ದೂರದ ಅಡುಗೆಯೊಂದನ್ನು ಕಲಿಯಲು ಹೊರಟಾಗ ಪಾಕಪುಸ್ತಕದಲ್ಲಿ ಐಚ್ಛಿಕವೆಂದು ಬರೆದ ಹಂತದ ಮುಂದೆ ನಿಂತು, ಇದನ್ನು ಬಿಟ್ಟರೆ ಏನಾಗುತ್ತದೆ, ಇದರ ಜೊತೆಗೆ ಅವರು ಇನ್ನೇನು ಉಣ್ಣುತ್ತಾರೆ ಎಂದು ಕೇಳುವುದು ಉಪಯುಕ್ತ. ಪದಾರ್ಥಕ್ಕೆ ಬದಲಿ ಹುಡುಕುವುದು ಅದರ ಬಳಿಕದ ಕೆಲಸ.

ಹಂತಗಳು ಹಳೆಯ ಕಾಲದಲ್ಲಿ ಮಾತ್ರ ಹುಟ್ಟಿದವೆಂದೂ ತಿಳಿಯಬೇಕಿಲ್ಲ. ಆಸ್ಟ್ರೇಲಿಯದ ರಸಾಯನಶಾಸ್ತ್ರಜ್ಞ ಹೊವರ್ಡ್ ಬ್ರಾಡ್ಬರಿ ಕೊಂಜೊ ತಡೆಯಲು ಸೂಚಿಸಿದ ವಿಧಾನ ಬಹಳ ಸರಳವಾಗಿದೆ: ಮರಗೆಣಸಿನ ಹಿಟ್ಟಿಗೆ ನೀರು ಬೆರೆಸಿ, ಚಾಪೆಯ ಮೇಲೆ ತೆಳ್ಳಗೆ ಹರಡಿ, ಬಿಸಿಲಿನಲ್ಲಾದರೆ ಎರಡು ಗಂಟೆ, ನೆರಳಿನಲ್ಲಾದರೆ ಐದು ಗಂಟೆ ಬಿಡುವುದು. ಹಿಟ್ಟಿನಲ್ಲೇ ಉಳಿದಿರುವ ಕಿಣ್ವ ಈ ಅವಧಿಯಲ್ಲಿ ಲಿನಾಮರಿನನ್ನು ಒಡೆದು ಸೈನೈಡನ್ನು ಗಾಳಿಗೆ ಬಿಡುತ್ತದೆ. 2010ರಿಂದ ಮುಂದಕ್ಕೆ ಕಾಂಗೋದ ಪೊಪೊಕಬಾಕಾ ವಲಯದ ಹಳ್ಳಿಗಳಲ್ಲಿ ಹೆಂಗಸರಿಗೆ ಇದನ್ನು ಕಲಿಸಲಾಯಿತು. ಸ್ಥಳೀಯ ಭಾಷೆಗಳಲ್ಲಿ ಚಿತ್ರಸಹಿತ ಭಿತ್ತಿಪತ್ರಗಳನ್ನು ಹಂಚಲಾಯಿತು. ಅದನ್ನು ನಿತ್ಯ ಪಾಲಿಸಿದ ಹಳ್ಳಿಗಳಲ್ಲಿ ಹೊಸ ಪ್ರಕರಣಗಳು ನಿಂತವು. ನೀರು ಬೆರೆಸಿ ಒಣಗಿಸಿದ ಹಿಟ್ಟಿನಿಂದ ಆ ಹೆಂಗಸರು ಅದೇ ದಿನ ಎಂದಿನಂತೆ ಫುಫು ಎಂಬ ಮುದ್ದೆ ತಿರುವುತ್ತಾರೆ, ಮತ್ತು ಅದರ ಕಹಿ ಹೋಗಿರುವುದರಿಂದ ಮನೆಯವರಿಗೆ ಅದೇ ಹೆಚ್ಚು ಹಿಡಿಸಿದೆ.